ಪೂಂಜೋಲೈ ಕೆಮಿಕಲ್ಸ್ ಷೇರು, ಪದಬಂಧದ ಹಾಳೆ ಹಾಗೂ ಒಂದು ಎಮ್ಮೆಯ ಕುರಿತು

ವಾಚನಾಲಯ ಒಳಶಿಸ್ತು ವಿಭಾಗ
ಅಡ್ಯಾರ್, ಚೆನ್ನೈ

ಸಂಖ್ಯೆ: ವಾ.ಒ.ಶಿ./ಉದ್ದಮೇಜು-1/07/2025-26
ದಿನಾಂಕ: 15-05-2025

ಸುತ್ತೋಲೆ

ವಿಷಯ: ಕನ್ನಡ ವಾಚನಾಲಯದ ಉದ್ದ ಮೇಜಿನ ಸುತ್ತ ಕುಳಿತು ಪೂಂಜೋಲೈ ಕೆಮಿಕಲ್ಸ್ ಲಿಮಿಟೆಡ್ ಎಂಬ ಕಂಪನಿಯ ಷೇರು ಹಾಗೂ ವಿಸ್ತರಣೆಯ ಬಗ್ಗೆ ಚರ್ಚಿಸುವ ಸದಸ್ಯರು ಪಾಲಿಸಬೇಕಾದ ಕ್ರಮಗಳು.

ಓದಲಾಗಿದೆ:
(1) ಶ್ರೀಮತಿ ಜಯಲಕ್ಷ್ಮೀ ಅವರ ದೂರು, ದಿನಾಂಕ 02-04-2025 (ಪದಬಂಧ ಕಾಣೆಯಾಗಿರುವ ಬಗ್ಗೆ).
(2) ಅದೇ ದೂರಿನ ಜ್ಞಾಪನಗಳು, ದಿನಾಂಕ 09-04, 16-04 ಮತ್ತು 23-04 (ಪದಬಂಧ ಇನ್ನೂ ಕಾಣೆಯಾಗಿರುವ ಬಗ್ಗೆ).
(3) ಕಾರ್ಖಾನೆ ಪರಿಶೀಲನಾ ತಂಡದ ವರದಿ, ದಿನಾಂಕ 04-05-2025. ಪುಟ ಎರಡು. ಅದರಲ್ಲಿ ಕಾರ್ಖಾನೆಗೆ ಸಂಬಂಧಿಸಿದ್ದು ಕಾಲು ಪುಟ.
(4) ಪತ್ರಿಕೆ ಏಜೆಂಟರ ಬಾಕಿ ಚೀಟಿ, ದಿನಾಂಕ 11-05-2025.

ಪ್ರಸ್ತಾವನೆ

ಚೆನ್ನೈನವರು 'ಕತ್ತರಿ' ಎಂದು ಕರೆಯುವ ಮೇ ತಿಂಗಳ ಕಡುಬಿಸಿಲು ಹಿಡಿದು ಇಂದಿಗೆ ಹನ್ನೆರಡು ದಿನ. ಬೆಳಿಗ್ಗೆ ಆರಕ್ಕೆ ನೀರಿನ ಲಾರಿ ಬಂದು ತೊಟ್ಟಿ ತುಂಬಿಸಿ ಹೋಗಿದೆ. ನೆಲ ಒರೆಸಲಾಗಿದೆ, ಮಣ್ಣಿನ ಮಡಕೆಗೆ ನೀರು ತುಂಬಲಾಗಿದೆ, ಪಶ್ಚಿಮದ ಕಿಟಕಿಗೆ ಕಟ್ಟಿದ ಲಾವಂಚದ ತಟ್ಟಿಗೆ ಎರಡು ಸಲ ನೀರು ಚಿಮುಕಿಸಲಾಗಿದೆ. ಎದುರು ಮನೆಯ ತಾರಸಿಯಲ್ಲಿ ಹಳೆಯ ಪಂಚೆ ಹಾಸಿ ಸಂಡಿಗೆ ಇಡುವ ಕೆಲಸ ನಡೆದಿದೆ. ಹತ್ತೂವರೆಗೆ ಬರಬೇಕಾದ ಬೆಂಗಳೂರಿನ ಕನ್ನಡ ಪತ್ರಿಕೆ ಮಾತ್ರ ಬಂದಿರುವುದಿಲ್ಲ. ಹೀಗೆ ಬಾರದೆ ಇದು ನಾಲ್ಕನೆಯ ದಿನ. ರೈಲು ತಡವಾಗಿಲ್ಲ, ಎಲ್ಲಿಯೂ ಮುಷ್ಕರವಿಲ್ಲ. ಪತ್ರಿಕೆ ನಿಂತದ್ದಕ್ಕೆ ಕಾರಣ ಹುಡುಕುತ್ತ ಹೋದ ವಿಭಾಗಕ್ಕೆ ಚೆನ್ನೈನ ಉತ್ತರಕ್ಕೆ, ಗುಮ್ಮಿಡಿಪೂಂಡಿಯ ಆಚೆಯ ಒಂದು ಬೇವಿನ ಮರದ ಕೆಳಗೆ ಕಟ್ಟಿದ್ದ ಎಮ್ಮೆಯೊಂದು ಸಿಕ್ಕಿರುತ್ತದೆ. ಇಂಥದು ಮತ್ತೆ ಆಗಬಾರದೆಂದು ಈ ಸುತ್ತೋಲೆ.

ಹಿನ್ನೆಲೆ ಹೀಗಿದೆ. ಪೂಂಜೋಲೈ ಕೆಮಿಕಲ್ಸ್ ಎಂಬುದು ಕುಡಿಯುವ ನೀರನ್ನು ತಿಳಿಗೊಳಿಸುವ ಪಟಿಕವನ್ನೂ ಬ್ಲೀಚಿಂಗ್ ಪುಡಿಯನ್ನೂ ಮಾಡುವ ಸಣ್ಣ ಕಂಪನಿ. ಕಳೆದ ಮಾರ್ಚ್ 24ರಂದು ಅದು ಎರಡನೆಯ ಘಟಕ ಕಟ್ಟುವುದಾಗಿ ಪ್ರಕಟಿಸಿತು. ಅದಕ್ಕೆ ಬೇಕಾದ ಹಣಕ್ಕಾಗಿ ಹಳೆಯ ಷೇರುದಾರರಿಗೆ ಎರಡು ಷೇರಿಗೆ ಒಂದರಂತೆ, ಷೇರಿಗೆ ಐವತ್ತೆಂಟು ರೂಪಾಯಿಗೆ, ಹೊಸ ಷೇರು ಕೊಡುವುದಾಗಿಯೂ, ಹಣ ಕಟ್ಟಲು ಮೇ 9ರ ಶುಕ್ರವಾರ ಕೊನೆಯ ದಿನವೆಂದೂ ತಿಳಿಸಿತು. ಅಂದಿನಿಂದ ವಾಚನಾಲಯದಲ್ಲಿ ಓದು ನಿಂತಿದೆ.

ಚರ್ಚೆಯಲ್ಲಿ ತೊಡಗಿದ ಸದಸ್ಯರು ಮೂವರು. ಶ್ರೀ ಉಪೇಂದ್ರ: ಮೂರು ತಲೆಮಾರು ಟ್ರಿಪ್ಲಿಕೇನಿನಲ್ಲಿ ನೆಲೆಸಿದ್ದ ಮನೆತನ, ಈಗ ವಾಸ ಬೆಸೆಂಟ್ ನಗರ, ನಿವೃತ್ತ ಬ್ಯಾಂಕ್ ಅಧಿಕಾರಿ, ವಿಸ್ತರಣೆಯ ಪರ. ಶ್ರೀ ತಮ್ಮಯ್ಯ: ಮದ್ದೂರು ಕಡೆಯವರು, ಲಾರಿ ಸಾಗಣೆ ಕಂಪನಿಯಲ್ಲಿ ಮೇಲ್ವಿಚಾರಕರು, ವಿಸ್ತರಣೆಯ ವಿರುದ್ಧ. ವಾಚನಾಲಯದ ಪತ್ರಿಕಾ ನಿಧಿ ಇವರ ಕೈಯಲ್ಲಿದೆ. ಶ್ರೀ ಶ್ರೀನಾಥ್: ಮೈಸೂರಿನಿಂದ ವರ್ಗವಾಗಿ ಬಂದ ವಿಮಾ ಕಚೇರಿಯ ನೌಕರರು, ಫೋನಿನಲ್ಲಿ ಬೆಲೆ ನೋಡಿ ಹೇಳುವವರು, ಆಯಾ ಹೊತ್ತಿನ ಬೆಲೆಯಂತೆ ಪರ ಅಥವಾ ವಿರುದ್ಧ.

ಕೇಳುತ್ತಿದ್ದವರು ಒಬ್ಬರು. ಶ್ರೀಮತಿ ಶಿವಲಿಂಗಮ್ಮ, ನಂಜನಗೂಡು ಕಡೆಯವರು. ಮುಂದಿನ ಬೀದಿಯಲ್ಲಿ ಸಣ್ಣ ಮೆಸ್ ನಡೆಸುತ್ತಾರೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ. ಯುಗಾದಿಯ ಮಾರನೆಯ ದಿನ ಅವರ ಹಿಟ್ಟು ರುಬ್ಬುವ ಗ್ರೈಂಡರಿನ ಮೋಟಾರು ಸುಟ್ಟುಹೋಗಿದ್ದು, ಅಂದಿನಿಂದ ಹಿಟ್ಟನ್ನು ಅಂಗಡಿಯಿಂದ ತಂದು ಇಡ್ಲಿ ಬೇಯಿಸುತ್ತಿದ್ದರು. ತಿಂಗಳ ಕೊನೆಗೆ ಏನೂ ಉಳಿಯುತ್ತಿರಲಿಲ್ಲ. ಅವರ ಕೈಯಲ್ಲಿ ಮೂವತ್ತೈದು ಸಾವಿರ ರೂಪಾಯಿ ಇತ್ತು. ಹೊಸ ಗ್ರೈಂಡರಿಗೂ ಅಷ್ಟೇ ಬೇಕು, ಅವರ ಪಾಲಿಗೆ ಬಂದ ಹೊಸ ಷೇರಿಗೂ ಅಷ್ಟೇ ಬೇಕು.

ಆದ್ದರಿಂದ ಎಲ್ಲ ಸದಸ್ಯರ ಗಮನಕ್ಕೆ ತರುತ್ತ ಈ ಮೂಲಕ ಸೂಚಿಸಲಾಗಿದೆ:

1. ಪತ್ರಿಕೆಯ ಒಂಬತ್ತನೆಯ ಪುಟದಲ್ಲಿ ಷೇರು ಬೆಲೆಯ ಪಟ್ಟಿಯೂ ಅದರ ಬೆನ್ನಿಗೆ ಹತ್ತನೆಯ ಪುಟದಲ್ಲಿ ಪದಬಂಧವೂ ಅಚ್ಚಾಗುತ್ತವೆ. ಶ್ರೀ ಉಪೇಂದ್ರ ಅವರು ಷೇರು ಬೆಲೆಯ ಪಟ್ಟಿಯನ್ನು ಬ್ಲೇಡಿನಿಂದ ಕತ್ತರಿಸಿ ಜೇಬಿಗಿಟ್ಟುಕೊಳ್ಳುವಾಗ ಪದಬಂಧವೂ ಅವರ ಜೇಬಿಗೆ ಹೋಗುತ್ತದೆ ಎಂಬುದು ಸಾಬೀತಾಗಿದೆ. ಇನ್ನು ಮುಂದೆ ಪಟ್ಟಿಯನ್ನು ಕತ್ತರಿಸತಕ್ಕದ್ದಲ್ಲ. ಕತ್ತರಿಸಲೇಬೇಕಾದ ಸಂದರ್ಭದಲ್ಲಿ ಹಿಂದಿನ ಪುಟದ ಪದಬಂಧವನ್ನು ಮೊದಲು ಬಿಡಿಸಿ, ಉತ್ತರಗಳನ್ನು ಶ್ರೀಮತಿ ಜಯಲಕ್ಷ್ಮೀ ಅವರಿಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಈ ಕುರಿತ ಅವರ ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ: "ನನಗೆ ನಿಮ್ಮ ಕೆಮಿಕಲ್ಲೂ ವೇಂಡಾ, ಕಂಪನೀನೂ ವೇಂಡಾ. ಎಡದಿಂದ ಬಲಕ್ಕೆ ಏಳನೇದು ಬೇಕು, ಅಷ್ಟೆ. ಆರು ವಾರ ಆಯ್ತು, ಇನ್ನೂ ಅದೇ ಯೋಚನೆ."

2. ಫ್ಯಾನಿನ ಕೆಳಗಿನ ಎರಡು ಕುರ್ಚಿಗಳು ವಿಸ್ತರಣೆಯ ಪರ ಇರುವವರಿಗೆ ಮೀಸಲೆಂಬ ಭಾವನೆ ಬೆಳೆದಿದೆ. ಅಂಥ ಮೀಸಲಾತಿ ಇರುವುದಿಲ್ಲ. ಬಿಸಿಲಿನ ಕಾರಣಕ್ಕೆ ಅಭಿಪ್ರಾಯ ಬದಲಿಸಿದ ಶ್ರೀ ಶ್ರೀನಾಥ್ ಅವರು ಬಿಸಿಲು ಇಳಿದ ಮೇಲೆ ಹಿಂದಿನ ಅಭಿಪ್ರಾಯಕ್ಕೆ ಮರಳಲು ಸ್ವತಂತ್ರರು.

3. 'ಲಾಂಗ್ ಟರ್ಮ್' ಎಂಬ ಮಾತು ಪದೇಪದೇ ಬಳಕೆಯಾಗುತ್ತಿದ್ದು ಅದಕ್ಕೆ ಅರ್ಥ ನಿಗದಿಪಡಿಸುವುದು ಅವಶ್ಯವಾಗಿದೆ. ಈ ಮೇಜಿಗೆ ಸೀಮಿತವಾಗಿ 'ಲಾಂಗ್ ಟರ್ಮ್' ಎಂದರೆ ಬೆಳಗಿನ ಕಾಫಿಯಿಂದ ಸಂಜೆಯ ಕಾಫಿಯವರೆಗೆ. ಅದಕ್ಕೂ ಮೀರಿದ ಅವಧಿಯ ಬಗ್ಗೆ ಮಾತನಾಡುವವರು ವೈದ್ಯರ ಪ್ರಮಾಣಪತ್ರ ಲಗತ್ತಿಸತಕ್ಕದ್ದು.

4. ಷೇರು ಏರಿದಾಗ "ನಾನಾಗಲೇ ಹೇಳಿದ್ದೆ" ಎನ್ನುವ ಪದ್ಧತಿಯನ್ನು ಕ್ರಮಬದ್ಧಗೊಳಿಸಲಾಗಿದೆ. ಹಾಗೆ ಹೇಳಬಯಸುವ ಸದಸ್ಯರು ನಮೂನೆ-3ರಲ್ಲಿ ಅರ್ಜಿ ಹಾಕಿ, ಆಗಲೇ ಹೇಳಿದ್ದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಪಡೆಯತಕ್ಕದ್ದು. ಆ ಇಬ್ಬರೂ ಅಂದು ಎಚ್ಚರವಾಗಿದ್ದರು ಎಂಬುದಕ್ಕೆ ಮೂರನೆಯವರ ಸಹಿ ಬೇಕು. ಷೇರು ಇಳಿದಾಗ "ಮಾರ್ಕೆಟ್ಟೇ ಸರಿಯಿಲ್ಲ" ಎಂದು ದಿನಕ್ಕೆ ಒಂದು ಬಾರಿ ಹೇಳಲು ಯಾವ ಅನುಮತಿಯೂ ಬೇಕಿರುವುದಿಲ್ಲ.

5. ಸದಸ್ಯರು ಪರಸ್ಪರ ಆಡಿದ ಈ ಕೆಳಗಿನ ಮಾತುಗಳನ್ನು ಕಡತದಲ್ಲಿ ಇರಿಸಿಕೊಳ್ಳಲಾಗಿದ್ದು, ಇವುಗಳ ಪುನರುಚ್ಚಾರವನ್ನು ನಿಷೇಧಿಸಲಾಗಿದೆ:

(ಅ) ಶ್ರೀ ಉಪೇಂದ್ರ: "ಕೆಪಾಸಿಟಿ ಡಬಲ್ ಆಗ್ತದೆ ಅಂತ ಕಂಪನಿಯವನೇ ಬರ್ದಿದಾನಲ್ಲವಾ ಪಾ, ಅಪ್ಪುರಂ ನಿಮಗೇನು ಸಂದೇಹ?" ('ಅಪ್ಪುರಂ' ಎಂದರೆ ಆಮೇಲೆ.)

(ಆ) ಶ್ರೀ ತಮ್ಮಯ್ಯ: "ನೀವ್ ಸುಮ್ಕಿರಿ ಸ್ವಾಮಿ. ಕಾಗ್ದುದ್ ಮೇಲೆ ನಾನೂ ನಾಕ್ ಎಕ್ರೆ ಕಬ್ಬು ಬರ್ಕೊಡ್ತೀನಿ, ಅರೆದು ಬೆಲ್ಲ ಮಾಡ್ಕೊಳಿ."

(ಇ) ಶ್ರೀ ಶ್ರೀನಾಥ್: "ಸಾರ್, ಹತ್ತು ಪೈಸೆ ಮೇಲೆ ಹೋಯ್ತು. ಇಲ್ಲ ಸಾರ್, ಬಂತು."

6. ಶ್ರೀ ತಮ್ಮಯ್ಯ ಅವರು ತಮ್ಮ ಮನಸ್ಸಿನಲ್ಲಿರುವ ಬೆಲೆ ಶ್ರೀ ಉಪೇಂದ್ರ ಅವರಿಗೆ ತಿಳಿಯಬಾರದೆಂದು, ದನದ ಸಂತೆಯ ರೂಢಿಯಂತೆ ಹೆಗಲ ಮೇಲಿನ ಟವೆಲನ್ನು ಕೈಗೆ ಹೊದಿಸಿ, ಅದರ ಅಡಿಯಲ್ಲಿ ಶ್ರೀ ಶ್ರೀನಾಥ್ ಅವರ ಬೆರಳು ಹಿಡಿದು ಬೆಲೆ ತಿಳಿಸುತ್ತಿರುವುದು ಕಂಡುಬಂದಿದೆ. ಸದರಿ ಪದ್ಧತಿ ಎತ್ತು, ಹಸು, ಎಮ್ಮೆಗಳಿಗೆ ಅನ್ವಯಿಸುವುದೇ ಹೊರತು ಲಿಮಿಟೆಡ್ ಕಂಪನಿಗಳಿಗಲ್ಲ. ವಾಚನಾಲಯದೊಳಗೆ ಟವೆಲನ್ನು ಬೆವರು ಒರೆಸಿಕೊಳ್ಳಲು ಮಾತ್ರ ಬಳಸತಕ್ಕದ್ದು. ಒರೆಸಿಕೊಳ್ಳುವಾಗ ಎರಡೂ ಕೈಗಳು ಇತರರಿಗೆ ಕಾಣುವಂತಿರತಕ್ಕದ್ದು.

7. ಚರ್ಚೆಯ ತೂಕ ಅರಿಯುವ ಸಲುವಾಗಿ ಮೇ 2ರಂದು ಎಲ್ಲ ಸದಸ್ಯರಿಂದ ಷೇರು ಹಿಡುವಳಿಯ ಘೋಷಣೆ ಪಡೆಯಲಾಯಿತು. ವಿವರ:

ಶ್ರೀ ಉಪೇಂದ್ರ: ಇಲ್ಲ (2011ರಲ್ಲಿ ಮಾರಿದ್ದಾರೆ, ಈಗ ಆಸಕ್ತಿ ಮಾತ್ರ).
ಶ್ರೀ ತಮ್ಮಯ್ಯ: ಇಲ್ಲ (ಕಟ್ಟಿಹಾಕಲು ಬಾರದ ಯಾವ ವಸ್ತುವನ್ನೂ ಕೊಳ್ಳುವುದಿಲ್ಲವೆಂದು ಷರಾ ಬರೆದಿದ್ದಾರೆ).
ಶ್ರೀ ಶ್ರೀನಾಥ್: ಮೂರು ಷೇರು.
ಶ್ರೀಮತಿ ಜಯಲಕ್ಷ್ಮೀ: ಇಲ್ಲ. ಪದಬಂಧ ಕೋರಿದ್ದಾರೆ.
ಶ್ರೀಮತಿ ಶಿವಲಿಂಗಮ್ಮ: ಸಾವಿರದ ಇನ್ನೂರು.

ಮೂರು ವರ್ಷಗಳಿಂದ ಮೆಸ್ಸಿನ ಉಳಿತಾಯದಲ್ಲಿ, ಮಗಳು ಮೌನ ಅವರ ಸಹಾಯದಿಂದ, ಸ್ವಲ್ಪ ಸ್ವಲ್ಪವೇ ಕೊಂಡದ್ದೆಂದು ಶ್ರೀಮತಿ ಶಿವಲಿಂಗಮ್ಮ ಅವರು ತಿಳಿಸಿರುತ್ತಾರೆ. ಅಂದರೆ ನಲವತ್ತು ದಿನಗಳ ಚರ್ಚೆಯಲ್ಲಿ ಹೆಚ್ಚುಕಡಿಮೆ ಎಲ್ಲ ಮಾತೂ ಷೇರಿಲ್ಲದವರದು, ಹೆಚ್ಚುಕಡಿಮೆ ಎಲ್ಲ ಷೇರೂ ಮಾತಾಡದವರದು ಎಂದಾಯಿತು. ಇದನ್ನು ವಿಭಾಗವು ವಿಷಾದದಿಂದ ಗಮನಿಸಿದೆ. ಇನ್ನು ಮುಂದೆ ಪ್ರತಿ ಷೇರಿಗೆ ಅರ್ಧ ನಿಮಿಷದಂತೆ ಮಾತಿನ ಅವಧಿ ಹಂಚಲಾಗುವುದು. ಶ್ರೀ ಶ್ರೀನಾಥ್ ಅವರ ಒಂದೂವರೆ ನಿಮಿಷ ಈಗಾಗಲೇ ಮುಗಿದಿರುತ್ತದೆ.

8. ಅದೇ ದಿನ ಶ್ರೀಮತಿ ಶಿವಲಿಂಗಮ್ಮ ಅವರು ಮೊದಲ ಬಾರಿಗೆ ಬಾಯಿಬಿಟ್ಟು, "ಅಣ್ಣ, ನಿಮ್ ಮಾತೆಲ್ಲಾ ಸರಿ. ಬರೋ ಶುಕ್ರವಾರದೊಳಗೆ ನಾ ದುಡ್ಡ ಕಟ್ಲೋ ಬ್ಯಾಡ್ವೋ, ಅದೊಂದ ಹೇಳ್ಬುಡಿ" ಎಂದು ಕೇಳಿದ್ದಾರೆ. ಮೂವರೂ ಸದಸ್ಯರು ತಲಾ ಹತ್ತು ನಿಮಿಷ ಯೋಚಿಸಿ, "ಅದು ನಿಮ್ಮಿಷ್ಟಮ್ಮ" ಎಂದು ಒಕ್ಕೊರಲಿನಿಂದ ಉತ್ತರಿಸಿದ್ದಾರೆ. ಈ ಮೇಜಿನಲ್ಲಿ ಒಮ್ಮತ ಮೂಡಿದ್ದು ಇದೇ ಮೊದಲು. ನೇರ ಪ್ರಶ್ನೆ ಕೇಳಿ ಸದಸ್ಯರನ್ನು ಮುಜುಗರಕ್ಕೀಡು ಮಾಡುವುದನ್ನು ತಪ್ಪಿಸಲು, ಪ್ರಶ್ನೆಗಳನ್ನು ಹದಿನೈದು ದಿನ ಮುಂಚಿತವಾಗಿ ಸಲ್ಲಿಸತಕ್ಕದ್ದು.

9. ಕಣ್ಣಾರೆ ನೋಡಿದರೆ ತಿಳಿಯುತ್ತದೆಂದು ತೀರ್ಮಾನಿಸಿ, ಮೇ 4ರ ಭಾನುವಾರ, ಕತ್ತರಿ ಬಿಸಿಲು ಶುರುವಾದ ದಿನವೇ, ಮೂವರು ಸದಸ್ಯರೂ ಶ್ರೀಮತಿ ಶಿವಲಿಂಗಮ್ಮ ಅವರೂ ಬಾಡಿಗೆ ವ್ಯಾನಿನಲ್ಲಿ ಗುಮ್ಮಿಡಿಪೂಂಡಿಯ ಆಚೆಯ ಕಾರ್ಖಾನೆಗೆ ಹೋಗಿದ್ದಾರೆ. ಬುತ್ತಿ ಶಿವಲಿಂಗಮ್ಮ ಅವರದು. ರಜೆಯಾದ್ದರಿಂದ ಗೇಟಿನ ಕಾವಲುಗಾರ ಶ್ರೀ ಏಳುಮಲೈ ಎಂಬವರ ಹೊರತು ಯಾರೂ ಇರಲಿಲ್ಲ. ವಿಸ್ತರಣೆಯ ಜಾಗವೆಂದರೆ ಹಳೆಯ ಶೆಡ್ಡಿನ ಪಕ್ಕದ ಏಳು ಎಕರೆ ಬಯಲು. ಅಲ್ಲಿ ನಾಲ್ಕು ಗೂಟ, ಒಂದು ಬೋರ್ಡು, ಒಂದು ಬೇವಿನ ಮರ.

ತಂಡದ ಪರಿಶೀಲನೆ ಇಂತಿದೆ. ಶ್ರೀ ಉಪೇಂದ್ರ ಅವರು ಬೋರ್ಡಿನ ಫೋಟೋ ಹದಿನಾಲ್ಕು ಸಲ ತೆಗೆದು, ಬೋರ್ಡು ಹೊಸದಾಗಿದೆ ಎಂದು ಸಮಾಧಾನಪಟ್ಟಿದ್ದಾರೆ. ಶ್ರೀ ಶ್ರೀನಾಥ್ ಅವರು ಸಿಗ್ನಲ್ ಹುಡುಕುತ್ತ ಏಳು ಎಕರೆಯನ್ನೂ ಸುತ್ತಿದ್ದಾರೆ. ಶ್ರೀ ತಮ್ಮಯ್ಯ ಅವರು ಮಣ್ಣಿನ ಹೆಂಟೆಯೊಂದನ್ನು ಎತ್ತಿ ಅಂಗೈಯಲ್ಲಿ ಪುಡಿಮಾಡಿ, ಮೂಸಿ, ಜಾಗ ಕೆಮಿಕಲ್ಲಿಗೆ ಹೇಗೋ ಕಾಣೆ, ಕಡ್ಲೆಕಾಯಿಗೆ ಮಾತ್ರ ಬಂಗಾರದಂಥದು ಎಂದು ವರದಿಯಲ್ಲಿ ನಮೂದಿಸಿದ್ದಾರೆ. ಅನಂತರ ಅವರ ದೃಷ್ಟಿ ಬೇವಿನ ಮರದ ಕೆಳಗೆ ಹೋಗಿದೆ.

10. ಬೇವಿನ ಮರದ ಕೆಳಗೆ ಶ್ರೀ ಏಳುಮಲೈ ಅವರ ಎಮ್ಮೆ ಕಟ್ಟಿತ್ತು. ಅದನ್ನು ಮಾರುವುದಿದೆಯೆಂದು ಅವರು ಬಾಯಿಮಾತಿಗೆ ಹೇಳಿದ್ದೇ ತಡ, ಶ್ರೀ ತಮ್ಮಯ್ಯ ಅವರು ಅದರ ಬಾಯಿ ಬಿಡಿಸಿ ಹಲ್ಲು ನೋಡಿ, ಸುಳಿ ನೋಡಿ, ಕೆಚ್ಚಲು ಮುಟ್ಟಿ, "ಎರಡ್ನೇ ಸೂಲು, ಹೊತ್ತಿಗೆ ನಾಕ್ ಲೀಟ್ರಿಗೆ ಮೋಸ ಇಲ್ಲ" ಎಂದು ಘೋಷಿಸಿ, ಹೆಗಲ ಟವೆಲು ತೆಗೆದಿದ್ದಾರೆ. ಶ್ರೀ ಏಳುಮಲೈ ಅವರೂ ಸಂತೆಯ ರೂಢಿ ಬಲ್ಲವರಾದ್ದರಿಂದ ತಾವೇ ಟವೆಲಿನ ಅಡಿಗೆ ಕೈ ನೀಡಿದ್ದಾರೆ. ಇಬ್ಬರಿಗೂ ಭಾಷೆಯ ಅಗತ್ಯ ಬೀಳಲಿಲ್ಲ. ನಲವತ್ತೊಂದು ದಿನಗಳಲ್ಲಿ ಒಂದು ಷೇರನ್ನೂ ಕೊಳ್ಳದ ಶ್ರೀ ತಮ್ಮಯ್ಯ ಅವರು ಹತ್ತು ನಿಮಿಷದಲ್ಲಿ ಅರವತ್ತೆರಡು ಸಾವಿರಕ್ಕೆ ಎಮ್ಮೆ ಗೊತ್ತುಮಾಡಿ, ಸಾವಿರದ ನೂರ ಒಂದು ರೂಪಾಯಿ ಮುಂಗಡವನ್ನೂ ಕೊಟ್ಟಿದ್ದಾರೆ. ಸದರಿ ಮೊತ್ತ ವಾಚನಾಲಯದ ಪತ್ರಿಕಾ ನಿಧಿಯಾಗಿತ್ತು. ಏಜೆಂಟರಿಗೆ ಹಣ ಸಂದಾಯವಾಗದೆ ಪತ್ರಿಕೆ ನಿಂತದ್ದು ಹೀಗೆ.

ಆದ್ದರಿಂದ, ಕೆಮಿಕಲ್ ಕಂಪನಿಯ ವಿಸ್ತರಣೆ ಪರಿಶೀಲಿಸಲು ಹೋದ ಯಾವ ತಂಡವೂ ಇನ್ನು ಮುಂದೆ ಜಾನುವಾರು ಖರೀದಿಸತಕ್ಕದ್ದಲ್ಲ. ಮುಂಗಡ ಕೊಟ್ಟ ಎಮ್ಮೆಯನ್ನು ವಾಚನಾಲಯದ ಆಸ್ತಿ ವಹಿಯಲ್ಲಿ 'ಪೀಠೋಪಕರಣ' ಶೀರ್ಷಿಕೆಯಡಿ ಬರೆದಿದ್ದನ್ನು ಹೊಡೆದುಹಾಕಲಾಗಿದೆ. ಬರೆದವರು ಯಾರೆಂದು ವಿಚಾರಣೆ ನಡೆದಿದೆ. ಕೈಬರಹ ಶ್ರೀ ತಮ್ಮಯ್ಯ ಅವರದು.

11. ಹಿಂದಿರುಗುವಾಗ ವ್ಯಾನಿನಲ್ಲಿ ನಡೆದ ಮಾತು ಎಮ್ಮೆಯನ್ನು ಎಲ್ಲಿ ಕಟ್ಟಬೇಕೆಂಬುದಕ್ಕೆ ಸೀಮಿತವಾಗಿತ್ತು. ಬೆಸೆಂಟ್ ನಗರದಲ್ಲಿರುವ ತಮ್ಮ ಫ್ಲಾಟಿನ ಹೆಸರು ಬಂದ ಕೂಡಲೇ ಶ್ರೀ ಉಪೇಂದ್ರ ಅವರು, "ಅಯ್ಯೋ ರಾಮಾ! ಕಾರ್ ಪಾರ್ಕಿಂಗಲ್ಲಿ ಎರುಮೆ ಕಟ್ಟಿದರೆ ನಮ್ಮ ಸೆಕ್ರೆಟರಿ ನನ್ನನ್ನೇ ಅದರ ಪಕ್ಕ ಕಟ್ಟಿಹಾಕ್ತಾನೆ ಪಾ" ಎಂದಿರುವುದಾಗಿಯೂ, ಶ್ರೀ ತಮ್ಮಯ್ಯ ಅವರು, "ಕಟ್ಲಿ ಬುಡಿ, ಅದ್ಕೂ ಮಾತಾಡಕ್ಕೆ ಒಬ್ರು ಬೇಕು" ಎಂದಿರುವುದಾಗಿಯೂ ಚಾಲಕರು ತಿಳಿಸಿದ್ದಾರೆ. ಎಮ್ಮೆಗಳ ವಾಸ್ತವ್ಯವು ಈ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ.

12. ಇದೇ ವ್ಯಾನಿನಲ್ಲಿ ಶ್ರೀಮತಿ ಶಿವಲಿಂಗಮ್ಮ ಅವರು ಎರಡು ಬಾರಿ ಏನನ್ನೋ ಹೇಳಲು ಯತ್ನಿಸಿ, ಯಾರೂ ಕೇಳಿಸಿಕೊಳ್ಳದ ಕಾರಣ ಸುಮ್ಮನಾಗಿದ್ದಾರೆ. ವಿಭಾಗವು ಅವರನ್ನು ಕರೆಸಿ ಕೇಳಿದಾಗ ತಿಳಿದುಬಂದದ್ದಿಷ್ಟು. ಟವೆಲಿನ ಅಡಿಯ ವ್ಯಾಪಾರ ಮುಗಿದು ಪುರುಷ ಸದಸ್ಯರು ಬುತ್ತಿ ಬಿಚ್ಚಲು ಹೋದ ಮೇಲೆ ಅವರು ಎಮ್ಮೆಯ ಬೆನ್ನು ಸವರುತ್ತ ನಿಂತು, ತಮಗೆ ಬರುವಷ್ಟು ತಮಿಳಿನಲ್ಲಿ ಶ್ರೀ ಏಳುಮಲೈ ಅವರನ್ನು, "ಕರಕ್ಕಿರ ಎರುಮೆಯೆ ಇಂದ ವೆಯಿಲ್ಲ ಏನ್ ವಿಕ್ಕಿರೀಂಗ ಅಣ್ಣಾ?" ಎಂದು ಕೇಳಿದ್ದಾರೆ. ಅಂದರೆ, ಹಾಲು ಕರೆಯುವ ಎಮ್ಮೆಯನ್ನು ಈ ಬಿಸಿಲಿನಲ್ಲಿ ಏಕೆ ಮಾರುತ್ತೀರಿ ಎಂದು. ಬೇಸಿಗೆಯಲ್ಲಿ ಹಾಲಿಗೆ ಬೆಲೆ ಹೆಚ್ಚು, ಹಾಲು ಕಡಿಮೆ. ಕೊಟ್ಟಿಗೆಯಲ್ಲಿ ಕರೆಯುವ ಎಮ್ಮೆ ಇದ್ದವರು ಮಳೆಗಾಲದವರೆಗೆ ಅದನ್ನು ಬಿಡುವುದಿಲ್ಲ ಎಂಬುದು ಅವರು ಚಿಕ್ಕಂದಿನಿಂದ ಕಂಡ ವಿಷಯ.

ಶ್ರೀ ಏಳುಮಲೈ ಅವರು ಗೇಟಿನ ಕಡೆ ಕೈ ತೋರಿಸಿ, "ಮೂಣು ಮಾಸಮಾ ಸಂಬಳಂ ವರಲೆಮ್ಮಾ" ಎಂದಿದ್ದಾರೆ. ಮೂರು ತಿಂಗಳಿಂದ ಸಂಬಳ ಬಂದಿಲ್ಲ. ಮಗಳ ಕಾಲೇಜಿನ ಶುಲ್ಕ ಕಟ್ಟಬೇಕು.

ಕಂಪನಿಯ ವಾರ್ಷಿಕ ವರದಿ ನೂರ ಹದಿನೆಂಟು ಪುಟಗಳದು. ಶ್ರೀ ಉಪೇಂದ್ರ ಅವರು ಅದನ್ನು ಮೂರು ಸಲ ಓದಿದ್ದಾರೆ. ಈ ಸಂಗತಿ ಅದರಲ್ಲಿ ಇರುವುದಿಲ್ಲ.

13. ಮಾರನೆಯ ದಿನ, ಮೇ 5ರಂದು, ಶ್ರೀಮತಿ ಶಿವಲಿಂಗಮ್ಮ ಅವರು ಮಗಳಿಗೆ ಹೇಳಿ ಸಾವಿರದ ಇನ್ನೂರು ಷೇರುಗಳನ್ನೂ ಅರವತ್ತು ರೂಪಾಯಿಯಂತೆ ಮಾರಿಸಿದ್ದಾರೆ. ಹೊಸ ಷೇರಿಗೆ ಹಣ ಕಟ್ಟಿರುವುದಿಲ್ಲ. ಕಾರಣ ಕೇಳಲಾಗಿ, "ಗೇಟ್ ಕಾಯೋನ್ಗೇ ಸಂಬ್ಳ ಕೊಡ್ದೋರು ನಂಗೇನ್ ಕೊಟ್ಟಾರು?" ಎಂದಿದ್ದಾರೆ. ವಿಭಾಗದ ಗಮನಕ್ಕೆ ತಾರದೆ, ಯಾವುದೇ ನಮೂನೆ ತುಂಬದೆ, ಒಂದೇ ವಾಕ್ಯದಲ್ಲಿ ತೀರ್ಮಾನ ಕೈಗೊಂಡದ್ದು ಕ್ರಮಬದ್ಧವಲ್ಲ. ಇದರಿಂದ ನಲವತ್ತೊಂದು ದಿನಗಳ ಚರ್ಚೆಗೆ ಅಗೌರವವಾಗಿದೆ. ಆದರೂ ಮೇ 12ರಂದು ಹೊಸ ಗ್ರೈಂಡರ್ ಬಂದಿದ್ದು, ಅಂದಿನಿಂದ ಇಡ್ಲಿ ಮೊದಲಿನಂತೆ ಮೆತ್ತಗಿರುವುದನ್ನು ವಿಭಾಗವು ತಾನೇ ತಿಂದು ದೃಢಪಡಿಸಿಕೊಂಡಿದೆ.

ಈ ಸುತ್ತೋಲೆ ಹೊರಡುವ ಹೊತ್ತಿಗೆ ಪೂಂಜೋಲೈ ಷೇರು ಅರವತ್ತಮೂರು ರೂಪಾಯಿಗೆ ಏರಿದೆಯೆಂದು ಶ್ರೀ ಶ್ರೀನಾಥ್ ಅವರು ತಿಳಿಸಿರುತ್ತಾರೆ. ಶ್ರೀ ಉಪೇಂದ್ರ ಅವರು ನಮೂನೆ-3 ಕೇಳಿ ಪಡೆದಿದ್ದಾರೆ. ಸಾಕ್ಷಿಗಳು ಸಿಕ್ಕಿಲ್ಲ.

14. ಮುಂಗಡ ಹಣ ವಸೂಲಿಯ ಬಗ್ಗೆ: ಕಟ್ಟಲು ಜಾಗ ಸಿಗದೆ ಎಮ್ಮೆಯ ಖರೀದಿ ಅಲ್ಲಿಗೇ ನಿಂತದ್ದರಿಂದ, ಮುಂಗಡ ಹಿಂದಿರುಗಿಸಬೇಕೆಂದು ಶ್ರೀ ಏಳುಮಲೈ ಅವರಿಗೆ ಕಳುಹಿಸಲು ವಿಭಾಗವು ನೋಟೀಸೊಂದನ್ನು ಸಿದ್ಧಪಡಿಸಿತ್ತು. ಅದು ಟೈಪಾಗುತ್ತಿದ್ದಾಗ, ನಿನ್ನೆ ಸಂಜೆ, ಶ್ರೀಮತಿ ಶಿವಲಿಂಗಮ್ಮ ಅವರು ಸೆರಗಿನ ತುದಿಯಿಂದ ಸಾವಿರದ ನೂರ ಒಂದು ರೂಪಾಯಿ ತೆಗೆದು ಮೇಜಿನ ಮೇಲಿಟ್ಟು, "ಪೇಪರ್ನೋರಿಗೆ ಕಟ್ಕಳಿ. ಆವಣ್ಣನ ಕೇಳಕ್ಕೋಗ್ಬ್ಯಾಡಿ. ಎಮ್ಮೆ ಅಲ್ಲೇ ಇರ್ಲಿ, ನಾಕ್ ದಿನ ಹಾಲಾದ್ರೂ ಮಾರ್ಕಳ್ಳಿ" ಎಂದು ಹೇಳಿ, ಒಲೆಯ ಮೇಲೆ ಸಾರು ಇದೆಯೆಂದು ಹೊರಟುಹೋಗಿದ್ದಾರೆ. ಶ್ರೀ ತಮ್ಮಯ್ಯ ಅವರು ಬಾಗಿಲವರೆಗೆ ಹಿಂದೆ ಹೋಗಿ, ಮರಳಿ ಬಂದು ಕುಳಿತಿದ್ದಾರೆ. ನೋಟೀಸನ್ನು ಹರಿದುಹಾಕಲಾಗಿದೆ. ಏಜೆಂಟರ ಬಾಕಿ ತೀರಿದ್ದು, ನಾಳೆಯಿಂದ ಪತ್ರಿಕೆ ಬರಲಿದೆ.

15. ಶ್ರೀ ಏಳುಮಲೈ ಅವರಿಗೆ ಪೂಂಜೋಲೈ ಕೆಮಿಕಲ್ಸ್‌ನಿಂದ ಬರಬೇಕಾದ ಫೆಬ್ರವರಿ, ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳ ಸಂಬಳದ ಬಗ್ಗೆ ಯಾವ ಸೂಚನೆಯನ್ನೂ ನೀಡುವ ಅಧಿಕಾರ ಈ ವಿಭಾಗಕ್ಕೆ ಇರುವುದಿಲ್ಲ. ಆದರೂ ನಮೂದಿಸಲಾಗಿದೆ.

ಈ ಸೂಚನೆಗಳು ಫ್ಯಾನು ತಿರುಗುತ್ತಿರುವವರೆಗೆ ಜಾರಿಯಲ್ಲಿರುತ್ತವೆ. ಕರೆಂಟು ಹೋದಾಗ ಸದಸ್ಯರು ತಮ್ಮ ವಿವೇಚನೆಯಂತೆ ನಡೆದುಕೊಳ್ಳಬಹುದು.

(ಸಹಿ)
ರಾಮದಾಸ
ವಿಭಾಗಾಧಿಕಾರಿ (ಪ್ರಭಾರ)
ವಾಚನಾಲಯ ಒಳಶಿಸ್ತು ವಿಭಾಗ

ಪ್ರತಿಗಳು:
1. ಶ್ರೀ ಉಪೇಂದ್ರ ಅವರಿಗೆ. ಈ ಪ್ರತಿಯನ್ನು ಕತ್ತರಿಸತಕ್ಕದ್ದಲ್ಲ.
2. ಶ್ರೀ ತಮ್ಮಯ್ಯ ಅವರಿಗೆ, ಪತ್ರಿಕಾ ನಿಧಿಯ ಕೀಲಿಕೈ ಹಿಂದಿರುಗಿಸುವ ಕೋರಿಕೆಯೊಂದಿಗೆ.
3. ಶ್ರೀ ಶ್ರೀನಾಥ್ ಅವರಿಗೆ, ಅವರ ಫೋನಿಗೆ.
4. ಶ್ರೀಮತಿ ಜಯಲಕ್ಷ್ಮೀ ಅವರಿಗೆ. ಕಾಣೆಯಾದ ಇಪ್ಪತ್ತಾರು ಪದಬಂಧಗಳು ಶ್ರೀ ಉಪೇಂದ್ರ ಅವರ ಜೇಬಿನಲ್ಲಿ ಪತ್ತೆಯಾಗಿದ್ದು, ಲಗತ್ತಿಸಲಾಗಿದೆ. ಒಗೆದಿರುವುದರಿಂದ ಓದಲು ಬರುವುದಿಲ್ಲ.
5. ಶ್ರೀಮತಿ ಶಿವಲಿಂಗಮ್ಮ ಅವರಿಗೆ, ರೂ. 1,101ರ ರಶೀದಿಯೊಂದಿಗೆ. ಬೇಡವೆಂದು ಹೇಳಿದ್ದರೂ ನಿಯಮದಂತೆ ಕಳುಹಿಸಲಾಗಿದೆ.
6. ಪೂಂಜೋಲೈ ಕೆಮಿಕಲ್ಸ್ ಲಿಮಿಟೆಡ್‌ನ ಆಡಳಿತ ನಿರ್ದೇಶಕರಿಗೆ, ಕಂಡಿಕೆ 15ರ ಕಡೆ ಗಮನ ಸೆಳೆಯುತ್ತ. ಗೇಟಿಗೆ ಬಂದಾಗ ಖುದ್ದಾಗಿ ಕೊಡಲು ಕಾವಲುಗಾರ ಶ್ರೀ ಏಳುಮಲೈ ಅವರ ಕೈಗೆ ಒಪ್ಪಿಸಲಾಗುವುದು. ಜನವರಿಯ ಪೊಂಗಲ್ ಕಳೆದ ಮೇಲೆ ನಿರ್ದೇಶಕರು ಆ ಗೇಟಿಗೆ ಬಂದಿರುವುದಿಲ್ಲವೆಂದೂ, ಬರುವವರೆಗೆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳುವುದಾಗಿಯೂ ಶ್ರೀ ಏಳುಮಲೈ ಅವರು ಫೋನಿನಲ್ಲಿ ತಿಳಿಸಿರುತ್ತಾರೆ.